ಅಮ್ಮಂಗೆ ಸ್ಕೋಪ್ ಮಾಡೋಕೆ ಮತ್ತಿನ ಇಂಜೆಕ್ಷನ್ ಕೊಡ್ತಾರಂತೆ, ಎದ್ದೇಳ್ತಾರಾ ಡಾಕ್ಟ್ರೇ?

ಪ್ರಶ್ನೆ: ನಮ್ಮದು ಚಿಂತಾಮಣಿ ಹತ್ರ ಒಂದು ಹಳ್ಳಿ. ಅಮ್ಮಂಗೆ 61 ವರ್ಷ, ಶುಗರ್ ಬಿಪಿ ಎರಡೂ ಇದೆ, ರಕ್ತ ಕಮ್ಮಿ ಅಂತ ಐರನ್ ಮಾತ್ರೆನೂ ತಗೋತಾರೆ. ರಕ್ತ ಯಾಕೆ ಕಮ್ಮಿ ಆಗ್ತಿದೆ ನೋಡ್ಬೇಕು ಅಂತ ಬಾಯಿಂದ ನಳಿಗೆ ಬಿಟ್ಟು ಹೊಟ್ಟೆ ನೋಡೋ ಎಂಡೋಸ್ಕೋಪಿ, ಕೆಳಗಿಂದ ಬಿಟ್ಟು ಕರುಳು ನೋಡೋ ಕೊಲೊನೋಸ್ಕೋಪಿ ಎರಡೂ ಬರ್ಕೊಟ್ಟಿದ್ದಾರೆ, ಮತ್ತು ಕೊಟ್ಟು ಮಾಡ್ತೀವಿ ಅಂದ್ರು. ಅಮ್ಮ ಒಪ್ತಾನೇ ಇಲ್ಲ. ಅವರ ತಮ್ಮ, ಅಂದ್ರೆ ನಮ್ಮ ಮಾವಂಗೆ, ತುಂಬಾ ಹಿಂದೆ ಅಪೆಂಡಿಕ್ಸ್ ಆಪರೇಷನ್ ಆದಾಗ ಬೆಳಗ್ಗೆ ಮತ್ತು ಕೊಟ್ಟಿದ್ದು ಸಾಯಂಕಾಲದವರೆಗೂ ಇಳಿಲಿಲ್ಲ, ಮೆಷಿನ್ ಮೇಲೆ ಇಟ್ಟಿದ್ರು, ಆಮೇಲೆ ಸರಿಹೋದ್ರು. ಅಮ್ಮ ಅದನ್ನೇ ಹೇಳ್ತಾರೆ. ಮತ್ತು ಇಲ್ದೇ ಮಾಡಕ್ಕಾಗಲ್ವಾ? ಈ ಇಂಜೆಕ್ಷನ್ ಎಷ್ಟು ಸೇಫು? ನಾವೇನು ಕೇಳ್ಬೇಕು?

ಉತ್ತರ:

ನೀವು ಭಯಕ್ಕೆ ಕಾರಣ ಅಂತ ಬರ್ದಿರೋ ಆ ಮಾವನ ವಿಷಯ ಇದ್ಯಲ್ಲ, ನನಗೆ ಶುಗರ್ ಬಿಪಿಗಿಂತ ಮೊದಲು ಕಣ್ಣಿಗೆ ಬಿದ್ದಿದ್ದು ಅದೇ. ಮನೆಯವ್ರು ಇಂಥದ್ದನ್ನ ಅಡುಗೆಮನೆಲಿ ಮಾತಾಡ್ಕೊಂಡು ಸುಮ್ಮನಾಗ್ತಾರೆ, ಮತ್ತು ಕೊಡೋ ಅನಸ್ತೇಶಿಯಾ ಡಾಕ್ಟ್ರ ಕಿವಿಗೆ ಹಾಕೋದೇ ಇಲ್ಲ. ಆದ್ದರಿಂದ ಅಲ್ಲಿಂದಲೇ ಶುರು ಮಾಡ್ತೀನಿ.

ದೊಡ್ಡ ಆಪರೇಷನ್‌ಗೆ ಪೂರ್ತಿ ಪ್ರಜ್ಞೆ ತಪ್ಪಿಸುವಾಗ ಗಂಟಲಿಗೆ ಟ್ಯೂಬ್ ಹಾಕ್ಬೇಕು, ಹಾಕ್ಬೇಕಾದ್ರೆ ಮೈಯ ಮಾಂಸಖಂಡ ಎಲ್ಲ ಸಡಿಲ ಆಗ್ಬೇಕು, ಅದಕ್ಕೆ ಸಕ್ಸಿನೈಲ್‌ಕೋಲಿನ್ ಅಂತ ಒಂದು ಇಂಜೆಕ್ಷನ್ ಇದೆ, ಥಿಯೇಟರ್‌ನಲ್ಲಿ ನಾವೆಲ್ಲ ಸ್ಕೋಲಿನ್ ಅಂತೀವಿ. ಅಪೆಂಡಿಕ್ಸ್ ಥರ ಅರ್ಜೆಂಟ್ ಕೇಸಲ್ಲಿ ಹಳೇ ಕಾಲದಿಂದ ಬಳಸ್ತಾ ಬಂದಿದ್ದು. ಒಂದು ನಿಮಿಷದಲ್ಲಿ ಹಿಡಿಯುತ್ತೆ, ಐದ್ಹತ್ತು ನಿಮಿಷದಲ್ಲಿ ಬಿಟ್ಟುಹೋಗುತ್ತೆ. ಬಿಟ್ಟುಹೋಗೋದಕ್ಕೆ ನಮ್ಮ ರಕ್ತದಲ್ಲೇ ಸ್ಯೂಡೋಕೋಲಿನೆಸ್ಟರೇಸ್ ಅನ್ನೋ ಒಂದು ಕಿಣ್ವ ಇರ್ಬೇಕು. ಕೆಲವರಿಗೆ ಹುಟ್ಟಿನಿಂದ್ಲೇ ಅದು ಇರಲ್ಲ, ಇದ್ರೂ ಕೆಲಸಕ್ಕೆ ಬರಲ್ಲ, ಮಿಕ್ಕಿದ್ದರಲ್ಲಿ ಏನೂ ಕಾಯಿಲೆ ಇರಲ್ಲ, ಆರಾಮಾಗಿ ಹೊಲ ಉತ್ಕೊಂಡು ಇರ್ತಾರೆ. ಅಂಥವರಿಗೆ ಸ್ಕೋಲಿನ್ ಕೊಟ್ರೆ ಗಂಟೆಗಟ್ಟಲೆ ಕೈಕಾಲು ಅಲ್ಲಾಡಲ್ಲ, ಉಸಿರಾಡೋ ಖಂಡಗಳೂ ಅಲ್ಲಾಡಲ್ಲ. ಮಾಡ್ಬೇಕಾಗಿರೋದು ಒಂದೇ, ಮೆಷಿನ್‌ನಿಂದ ಉಸಿರು ಕೊಡ್ತಾ, ನಿದ್ದೆಯಲ್ಲೇ ಇಟ್ಕೊಂಡು ಕಾಯೋದು. ತಾನಾಗೇ ಇಳಿಯುತ್ತೆ, ಆಮೇಲೆ ಏನೂ ಉಳಿಯಲ್ಲ. ನಿಮ್ಮ ಮಾವಂಗೆ ಇದೇ ಆಗಿತ್ತು ಅಂತ ಇಲ್ಲಿ ಕೂತು ನಾನು ಹೇಳಕ್ಕಾಗಲ್ಲ, ಸೋಂಕು ಜಾಸ್ತಿ ಆಗಿ ಮೆಷಿನ್ ಮೇಲೆ ಇಟ್ಟಿರ್ಬಹುದು, ಬೇರೆ ಏನಾದ್ರೂ ಇರ್ಬಹುದು, ಆದ್ರೆ ಬೆಳಗ್ಗೆ ಕೊಟ್ಟಿದ್ದು ಸಾಯಂಕಾಲ ಇಳೀತು, ಆಮೇಲೆ ಏನೂ ತೊಂದರೆ ಇಲ್ಲ ಅನ್ನೋ ಕಥೆ ಕೇಳಿದ್ರೆ ನಮ್ಮ ಕೆಲಸದಲ್ಲಿರೋ ಯಾರಿಗಾದ್ರೂ ಮೊದಲು ತಲೆಗೆ ಬರೋದು ಇದೇ.

ಇದು ವಂಶದಲ್ಲಿ ಬರೋದು. ಅಪ್ಪನ ಕಡೆಯಿಂದ ಒಂದು, ಅಮ್ಮನ ಕಡೆಯಿಂದ ಒಂದು, ಎರಡೂ ಕೆಟ್ಟ ಜೀನ್ ಬಂದ್ರೆ ಮಾತ್ರ ಈ ಮಟ್ಟದ ತೊಂದರೆ. ಒಬ್ಬರಿಗೆ ಇದ್ರೆ ಅವರ ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇರುತ್ತೆ, ನಿಮ್ಮಮ್ಮ ಅವರ ಸ್ವಂತ ಅಕ್ಕ. ನಮ್ಮ ಕೋಲಾರ ಚಿಕ್ಕಬಳ್ಳಾಪುರ ಕಡೆ ಅಕ್ಕನ ಮಗಳನ್ನ ತಂದ್ಕೊಳ್ಳೋದು, ಅತ್ತೆ ಮಗಳು ಮಾವನ ಮಗ ಮಾಡ್ಕೊಳ್ಳೋದು ಇನ್ನೂ ಇದೆ, ಅಂಥ ಮನೆಗಳಲ್ಲಿ ಎರಡೂ ಕಡೆಯಿಂದ ಒಂದೇ ಜೀನ್ ಬರೋದು ಜಾಸ್ತಿ. ದಕ್ಷಿಣ ಭಾರತದ ಆರ್ಯವೈಶ್ಯ ಸಮುದಾಯದಲ್ಲಿ ಇದು ಬೇರೆಯವರಿಗಿಂತ ಹೆಚ್ಚು ಕಾಣುತ್ತೆ ಅಂತ ಸಂಶೋಧಕರು ತೋರ್ಸಿದ್ದಾರೆ, ಆದ್ರೆ ಬೇರೆ ಯಾರಿಗೂ ಬರಲ್ಲ ಅಂತೇನಿಲ್ಲ, ಹಾಗಾಗಿ ಜಾತಿ ನೋಡ್ಕೊಂಡು ಧೈರ್ಯನೂ ಬೇಡ ಭಯನೂ ಬೇಡ.

ಎರಡು ಕೆಲಸ ಮಾಡಿ. ಮಾವನ ಮನೆಯಲ್ಲಿ ಹಳೇ ಡಿಸ್ಚಾರ್ಜ್ ಕಾರ್ಡ್ ಇದ್ಯಾ ಹುಡುಕ್ಸಿ. ಇನ್ನೊಂದು, ರಕ್ತದಲ್ಲಿ ಸ್ಯೂಡೋಕೋಲಿನೆಸ್ಟರೇಸ್ ಎಷ್ಟಿದೆ ಅಂತ ನೋಡೋ ಟೆಸ್ಟ್ ಇದೆ, ದೊಡ್ಡ ಲ್ಯಾಬ್‌ಗಳಲ್ಲಿ ಮಾಡ್ತಾರೆ, ನಮ್ಮ ಕಡೆ ಹೊಲಕ್ಕೆ ಹೊಡೆಯೋ ಔಷಧಿ ಕುಡಿದು ಬಂದವರಿಗೂ ಇದೇ ಟೆಸ್ಟ್ ಮಾಡೋದ್ರಿಂದ ಡಾಕ್ಟ್ರುಗಳಿಗೆ ಹೊಸದೇನಲ್ಲ. ಸ್ಕೋಪ್‌ಗೆ ಕೊಡೋ ಮತ್ತಲ್ಲಿ ಸಾಮಾನ್ಯವಾಗಿ ಸ್ಕೋಲಿನ್ ಬಳಸೋದೇ ಇಲ್ಲ. ಆದ್ರೆ ಮಧ್ಯದಲ್ಲಿ ಏನಾದ್ರೂ ಎಡವಟ್ಟಾಗಿ ಅರ್ಜೆಂಟಾಗಿ ಟ್ಯೂಬ್ ಹಾಕ್ಬೇಕಾದ್ರೆ ಕೈ ಮೊದಲು ಹೋಗೋದು ಅದರ ಕಡೆಗೇ. ಮೊದಲೇ ಗೊತ್ತಿದ್ರೆ ಅದನ್ನ ಪಕ್ಕಕ್ಕಿಟ್ಟು ರೊಕ್ಯುರೋನಿಯಂ ಅಂತ ಬೇರೆ ಔಷಧಿ ತಗೋತಾರೆ, ಕಥೆ ಮುಗೀತು. ಅಂದ್ರೆ ನಿಮ್ಮಮ್ಮ ಸುಮ್ನೆ ಹೆದರ್ತಿಲ್ಲ, ಅವರ ಭಯದೊಳಗೆ ಡಾಕ್ಟ್ರಿಗೆ ಬೇಕಾಗಿರೋ ಮಾಹಿತಿ ಇದೆ.

ಈಗ ಸ್ಕೋಪ್ ಮತ್ತಿನ ವಿಷಯ. ಇದಕ್ಕೂ ಆಪರೇಷನ್ ಮತ್ತಿಗೂ ವ್ಯತ್ಯಾಸ ಇದೆ. ಸ್ವಲ್ಪ ಮಂಪರು, ಕರೆದ್ರೆ ಓಗೊಡೋ ಅಷ್ಟು ಮಂಪರು, ಚಿವುಟಿದ್ರೆ ಮಾತ್ರ ಅಲ್ಲಾಡೋ ಗಾಢ ನಿದ್ದೆ, ಕೊನೆಗೆ ಏನು ಮಾಡಿದ್ರೂ ಗೊತ್ತಾಗದ ಪೂರ್ತಿ ಅನಸ್ತೇಶಿಯಾ, ಹೀಗೆ ಕಲ್ಯಾಣಿ ಮೆಟ್ಟಿಲು ಇಳಿದ ಹಾಗೆ ಒಂದೊಂದೇ ಹಂತ. ತೊಂದರೆ ಏನಪ್ಪಾ ಅಂದ್ರೆ ಎರಡನೇ ಮೆಟ್ಟಿಲಲ್ಲಿ ನಿಲ್ಸೋಣ ಅಂತ ಕೊಟ್ಟಿದ್ದು ಕೆಲವರನ್ನ ಮೂರಕ್ಕೆ ಇಳಿಸ್ಬಿಡುತ್ತೆ, ಅದ್ರಲ್ಲೂ ವಯಸ್ಸಾದವರು, ಸಣಕಲು ಇರೋರು, ರಕ್ತ ಕಮ್ಮಿ ಇರೋರು. ಅದಕ್ಕೇ ಕೊಡೋರಿಗೆ ಕೆಳಗಿನ ಮೆಟ್ಟಿಲಿಂದ ಮೇಲಕ್ಕೆ ಎತ್ತೋದೂ ಗೊತ್ತಿರ್ಬೇಕು.

ಮಿಡಾಜೋಲಾಮ್, ಫೆಂಟನಿಲ್, ಪ್ರೊಪೋಫಾಲ್, ಸ್ಕೋಪ್‌ಗೆ ಹೆಚ್ಚಾಗಿ ಈ ಮೂರರಲ್ಲೇ ಒಂದೋ ಎರಡೋ ಸೇರಿಸಿ ಕೊಡ್ತಾರೆ. ಮೊದಲೆರಡಕ್ಕೆ ಎದುರೌಷಧಿ ಇದೆ, ಜಾಸ್ತಿ ಆಯ್ತು ಅಂದ್ರೆ ಇಳಿಸ್ಬಹುದು. ಪ್ರೊಪೋಫಾಲ್‌ಗೆ ಅದು ಇಲ್ಲ. ಹಾಲಿನ ಬಣ್ಣದ ಇಂಜೆಕ್ಷನ್ ಅದು, ಸೋಯಾ ಎಣ್ಣೆಯಲ್ಲಿ ಕದಡಿರ್ತಾರೆ, ನರಕ್ಕೆ ಹೋಗುವಾಗ ಕೈ ಉರಿಯುತ್ತೆ, ಪೇಷೆಂಟ್ “ಉರೀತಿದೆ ಸಾರ್” ಅಂತ ಹೇಳಿ ಮುಗಿಸೋ ಅಷ್ಟರಲ್ಲಿ ಕಣ್ಣು ಮುಚ್ಚಿರುತ್ತೆ. ಒಂದು ಸಲ ಕೊಟ್ಟಿದ್ದು ಐದ್ಹತ್ತು ನಿಮಿಷದಲ್ಲಿ ಇಳಿಯೋದ್ರಿಂದ ಸ್ವಲ್ಪ ಸ್ವಲ್ಪವೇ ಕೊಡ್ತಾ ಹೋಗ್ಬೇಕು, ನಿಲ್ಸಿದ್ರೆ ಬೇಗ ಎಚ್ಚರ ಆಗ್ತಾರೆ, ಅದೇ ಅದರ ಒಳ್ಳೇ ಗುಣ. 2009ರಲ್ಲಿ ಮೈಕಲ್ ಜಾಕ್ಸನ್ ಸತ್ತಿದ್ದು ಇದೇ ಔಷಧಿಯಿಂದ ಅಂತ ಕೇಳಿರ್ತೀರಿ, ಕೆಲವರು ಹೆಸರು ಕೇಳಿದ ತಕ್ಷಣ ಅದನ್ನೇ ತೆಗೀತಾರೆ. ಅಲ್ಲಿ ಆಗಿದ್ದೇನು? ಆಸ್ಪತ್ರೆ ಅಲ್ಲ, ಮನೆಯ ಬೆಡ್‌ರೂಮು, ನಿದ್ದೆ ಬರಲಿ ಅಂತ ಕೊಟ್ಟಿದ್ದು, ಕೊಟ್ಟವರು ಹೃದಯದ ಡಾಕ್ಟ್ರು, ಸರಿಯಾದ ಮಾನಿಟರ್ ಇಲ್ಲ, ಕೊಟ್ಟು ರೂಮಿಂದ ಆಚೆ ಹೋಗಿದ್ರು. ಅದೇ ಔಷಧಿ ದಿನಾ ಪ್ರಪಂಚದಲ್ಲಿ ಲಕ್ಷಾಂತರ ಜನಕ್ಕೆ ಕೊಡ್ತಾರೆ, ಎದ್ದು ಕಾಫಿ ಕುಡ್ಕೊಂಡು ಮನೆಗೆ ಹೋಗ್ತಾರೆ. ಹಾಗಾಗಿ ಯಾವ ಇಂಜೆಕ್ಷನ್ ಅಂತ ಕೇಳೋದು ಆಮೇಲೆ, ಕೊಟ್ಟಾದ್ಮೇಲೆ ಅಮ್ಮನ ತಲೆ ಹತ್ರ ನಿಂತ್ಕೊಂಡು ಉಸಿರು ನೋಡೋರು ಯಾರು ಅಂತ ಮೊದಲು ಕೇಳಿ.

ಆ ರೂಮೊಳಗೆ ಏನಾಗುತ್ತೆ ಹೇಳ್ತೀನಿ, ನೋಡದೇ ಇರೋರಿಗೆ ಭಯ ಜಾಸ್ತಿ. ಅಮ್ಮನ್ನ ಎಡಗಡೆ ಮಗ್ಗುಲಿಗೆ ಮಲಗಿಸ್ತಾರೆ, ಹಲ್ಲಿನ ಮಧ್ಯೆ ಒಂದು ಪ್ಲಾಸ್ಟಿಕ್ ಬಳೆ ಥರದ್ದು ಇಡ್ತಾರೆ, ಮೂಗಿಗೆ ಆಕ್ಸಿಜನ್ ನಳಿಗೆ, ತೋಳಿಗೆ ಬಿಪಿ ಪಟ್ಟಿ, ಎದೆಗೆ ಇಸಿಜಿ ಸ್ಟಿಕ್ಕರು, ಬೆರಳಿಗೆ ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದಿದ್ದ ಆಕ್ಸಿಮೀಟರ್ ಕ್ಲಿಪ್ಪು. ಅದರ ಹಿಂದಿನ ಲೆಕ್ಕಾಚಾರ ಕಂಡುಹಿಡಿದಿದ್ದು 1970ರ ದಶಕದಲ್ಲಿ ಜಪಾನಿನ ಟಕುವೊ ಆವೊಯಾಗಿ ಅನ್ನೋ ಎಂಜಿನಿಯರ್, ನಮ್ಮ ವೃತ್ತಿಯವರು ದಿನಾ ಬೆಳಗ್ಗೆ ಎದ್ದು ಆ ಮನುಷ್ಯಂಗೆ ಕೈ ಮುಗೀಬೇಕು. ಥಿಯೇಟರ್ ಮಾನಿಟರಲ್ಲಿ ಅದು ಟಿಕ್ ಟಿಕ್ ಅಂತ ಸದ್ದು ಮಾಡ್ತಾ ಇರುತ್ತೆ, ಆಕ್ಸಿಜನ್ ಇಳಿದ್ರೆ ಆ ಸದ್ದಿನ ಸ್ವರ ತಗ್ಗುತ್ತೆ, ನಾವು ಪರದೆ ಕಡೆ ನೋಡ್ದೇ ಇದ್ರೂ ಕಿವಿಗೆ ಗೊತ್ತಾಗ್ಬಿಡುತ್ತೆ. ಮತ್ತಲ್ಲಿ ಸಾಮಾನ್ಯವಾಗಿ ಆಗೋ ತೊಂದರೆ ಹೃದಯದ್ದಲ್ಲ, ನಾಲಿಗೆದು. ದವಡೆ ಸಡಿಲ ಆಗಿ ನಾಲಿಗೆ ಹಿಂದಕ್ಕೆ ಬೀಳುತ್ತೆ, ಗೊರಕೆ ಶುರುವಾಗುತ್ತೆ, ಗೊರಕೆ ನಿಂತು ಎದೆ ಮಾತ್ರ ಏರಿಳಿತಾ ಇದ್ರೆ ಗಾಳಿ ಹೋಗ್ತಿಲ್ಲ ಅಂತ ಅರ್ಥ. ಎರಡು ಬೆರಳಲ್ಲಿ ದವಡೆ ಮುಂದಕ್ಕೆ ಎತ್ತಿ ಹಿಡಿದ್ರೆ ಹತ್ತರಲ್ಲಿ ಒಂಬತ್ತು ಸಲ ಅಲ್ಲಿಗೇ ಸರಿಹೋಗುತ್ತೆ. ಆದ್ರೆ ಹಿಡಿಯೋಕೆ ಅಲ್ಲಿ ಒಬ್ರು ಇರ್ಬೇಕಲ್ಲ. ಸ್ಕೋಪ್ ಮಾಡೋ ಡಾಕ್ಟ್ರ ಕಣ್ಣು ಟಿವಿ ಮೇಲಿರುತ್ತೆ, ಎರಡೂ ಕೈ ಸ್ಕೋಪ್ ಮೇಲೆ. ಗಾಢ ಮತ್ತು ಕೊಡೋದಾದ್ರೆ ಅದಕ್ಕೇ ಅಂತ ಇನ್ನೊಬ್ರು ಇರ್ಲೇಬೇಕು ಅನ್ನೋದು ನನ್ನ ಹಟ.

ಇನ್ನೊಂದು ಮಾನಿಟರ್ ಇದೆ, ಕ್ಯಾಪ್ನೋಗ್ರಾಫ್ ಅಂತ, ಉಸಿರಲ್ಲಿ ಆಚೆ ಬರೋ ಕಾರ್ಬನ್ ಡೈಆಕ್ಸೈಡ್ ಅಳೆಯುತ್ತೆ. ಮೂಗಿಗೆ ಆಕ್ಸಿಜನ್ ಕೊಡ್ತಾ ಇದ್ದಾಗ ಉಸಿರು ನಿಂತ್ರೂ ಬೆರಳಿನ ಕ್ಲಿಪ್ಪು ಸ್ವಲ್ಪ ಹೊತ್ತು 98, 99 ಅಂತ್ಲೇ ತೋರಿಸ್ತಾ ಇರುತ್ತೆ, ಕ್ಯಾಪ್ನೋಗ್ರಾಫಲ್ಲಿ ಆದ್ರೆ ಗೆರೆ ತಕ್ಷಣ ಮಲಗುತ್ತೆ. ಅಮೆರಿಕದ ಅನಸ್ತೇಶಿಯಾ ಡಾಕ್ಟ್ರುಗಳ ಸಂಘ 2011ರಿಂದ ಇಂಥ ಮತ್ತಿಗೂ ಇದು ಬೇಕು ಅಂತ ನಿಯಮ ಮಾಡಿದೆ. ನಮ್ಮ ಜಿಲ್ಲೆಗಳ ಸಣ್ಣ ನರ್ಸಿಂಗ್ ಹೋಮಲ್ಲಿ ಎಲ್ಲಾ ಕಡೆ ಇರಲ್ಲ, ಇದ್ರೆ ಒಂದು ಪಾಯಿಂಟ್ ಜಾಸ್ತಿ ಕೊಡಿ. ಇಲ್ದೇ ಇದ್ರೆ ಎದೆ ಮೇಲೆ ಕಣ್ಣಿಟ್ಕೊಂಡಿರೋ ಮನುಷ್ಯ ಬೇಕೇ ಬೇಕು.

ಎಷ್ಟು ಸೇಫು ಅಂತ ಕೇಳಿದ್ರಿ. ಮುಂದುವರಿದ ದೇಶಗಳಲ್ಲಿ ಬೇರೆ ಕಾಯಿಲೆ ಇಲ್ಲದ ಆರೋಗ್ಯವಂತರಲ್ಲಿ ಬರೀ ಅನಸ್ತೇಶಿಯಾ ಕಾರಣಕ್ಕೆ ಸಾವು ಅನ್ನೋದು ಲಕ್ಷಕ್ಕೆ ಒಂದರ ಆಸುಪಾಸು ಅಂತ ಹೇಳ್ತಾರೆ. ನಿಮ್ಮಮ್ಮ ಆ ಗುಂಪಿಗೆ ಸೇರಲ್ಲ, ಶುಗರ್ ಬಿಪಿ ಇದೆ, ರಕ್ತ ಕಮ್ಮಿ ಇದೆ, ಅಪಾಯ ಅದಕ್ಕಿಂತ ಒಂದಿಷ್ಟು ಜಾಸ್ತಿನೇ. ಆದ್ರೆ ಇನ್ನೊಂದು ಕಡೆನೂ ನೋಡಿ, 61ನೇ ವಯಸ್ಸಲ್ಲಿ ಕಾರಣ ಇಲ್ದೇ ರಕ್ತ ಇಳೀತಿದೆ ಅಂದ್ರೆ ಹೊಟ್ಟೆ ಹುಣ್ಣೋ ಕರುಳಿನ ಗಡ್ಡೆಯೋ ಒಳಗೆ ಸೋರ್ತಾ ಇರ್ಬಹುದು, ಅದನ್ನ ನೋಡ್ದೇ ಐರನ್ ಮಾತ್ರೆ ನುಂಗ್ಸ್ತಾ ಕೂರೋದು ಮತ್ತಿಗಿಂತ ದೊಡ್ಡ ಅಪಾಯ. ಟೆಸ್ಟ್ ಬಿಡ್ಬೇಡಿ. ಹಿಮೋಗ್ಲೋಬಿನ್ ತುಂಬಾನೇ ಕೆಳಗಿದ್ರೆ ಮೊದಲು ರಕ್ತ ಹಾಕಿ ಆಮೇಲೆ ಸ್ಕೋಪ್ ಮಾಡೋಣ ಅಂತ ಅವರೇ ಹೇಳ್ಬಹುದು, ಹೇಳಿದ್ರೆ ಒಪ್ಕೊಳ್ಳಿ.

ಮತ್ತು ಇಲ್ದೇ ಆಗುತ್ತಾ? ಆಗುತ್ತೆ. ಮೇಲಿನ ಎಂಡೋಸ್ಕೋಪಿ ಐದ್ಹತ್ತು ನಿಮಿಷದ ಕೆಲಸ, ಗಂಟಲಿಗೆ ಮರಗಟ್ಟಿಸೋ ಲಿಗ್ನೊಕೇನ್ ಸ್ಪ್ರೇ ಹೊಡೆದು ಎಚ್ಚರದಲ್ಲೇ ಮಾಡೋದು ನಮ್ಮ ಕಡೆ ದಿನಾ ನಡೆಯುತ್ತೆ, ವಾಕರಿಕೆ ಬರುತ್ತೆ ಕಣ್ಣಲ್ಲಿ ನೀರು ಬರುತ್ತೆ, ಮುಗಿಯುತ್ತೆ. ಕೊಲೊನೋಸ್ಕೋಪಿ ಅರ್ಧ ಗಂಟೆವರೆಗೂ ಹಿಡಿಯುತ್ತೆ, ಗಾಳಿ ತುಂಬಿ ಕರುಳು ತಿರುಗೋ ಕಡೆ ನೋವು ಕೊಡುತ್ತೆ, ಕೆಲವರು ತಡ್ಕೋತಾರೆ, ಕೆಲವರು ಅರ್ಧಕ್ಕೆ ಬೇಡ ಅಂತಾರೆ, ಅರ್ಧ ನೋಡಿದ ಕರುಳಿಂದ ಯಾರಿಗೂ ಪ್ರಯೋಜನ ಇಲ್ಲ. ನನ್ನ ಅಮ್ಮನಾಗಿದ್ರೆ ಎರಡನ್ನೂ ಒಂದೇ ದಿನ ಒಂದೇ ಮತ್ತಲ್ಲಿ ಮುಗಿಸ್ತಿದ್ದೆ. ಅಮ್ಮ ಅಷ್ಟಕ್ಕೂ ಒಪ್ದೇ ಇದ್ರೆ ಮೇಲಿಂದಕ್ಕೆ ಸ್ಪ್ರೇ, ಕೆಳಗಿಂದಕ್ಕೆ ಕರೆದ್ರೆ ಮಾತಾಡೋ ಅಷ್ಟು ಮಂಪರು ಅಂತ ಕೇಳಿ ನೋಡಿ.

ಹೊಟ್ಟೆ ಖಾಲಿ ಇಟ್ಕೊಳ್ಳೋ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಜೋರು ಮಾಡ್ತೀನಿ. ಮತ್ತಲ್ಲಿ ವಾಂತಿ ಆದ್ರೆ ಕೆಮ್ಮಿ ಆಚೆ ತಳ್ಳೋ ಶಕ್ತಿ ಇರಲ್ಲ, ಅದು ನೇರ ಶ್ವಾಸಕೋಶಕ್ಕೆ. ಭಾರಿ ಊಟ ಆಗಿದ್ರೆ ಎಂಟು ಗಂಟೆ, ಇಡ್ಲಿ ಥರ ಹಗುರ ಇದ್ರೆ ಆರು ಗಂಟೆ, ಬರೀ ನೀರು ಎರಡು ಗಂಟೆ ಮುಂಚೆವರೆಗೂ, ಇದು ಸಾಮಾನ್ಯ ನಿಯಮ, ನಿಮ್ಮ ಆಸ್ಪತ್ರೆಯವರು ಇನ್ನೂ ಜಾಸ್ತಿ ಹೇಳಿದ್ರೆ ಅವರು ಹೇಳಿದ್ದೇ. ಹಾಲು ಹಾಕಿದ ಕಾಫಿ ಟೀ ನೀರಲ್ಲ, ಅದಕ್ಕೂ ಆರು ಗಂಟೆ. ಅಂಬಲಿ, ಮಜ್ಜಿಗೆ ಇವೂ ನೀರಲ್ಲ. “ಒಂದೇ ಒಂದು ಲೋಟ ಕಾಫಿ ಸಾರ್, ಶುಗರ್ ಪೇಷೆಂಟು, ತಲೆ ಸುತ್ತುತ್ತೆ ಅಂತ ಕೊಟ್ವಿ” ಅಂತ ಟೇಬಲ್ ಮೇಲೆ ಮಲಗಿದ್ಮೇಲೆ ಬಾಯಿ ಬಿಡ್ತಾರೆ, ಇನ್ನು ಕೆಲವರು ಬಿಡೋದೇ ಇಲ್ಲ, ಬಿಡದೇ ಇರೋರದ್ದೇ ಭಯ. ತಿಂದಿದ್ರೆ ಹೇಳ್ಬಿಡಿ, ಏನೂ ಬೈಯಲ್ಲ, ಕೆಲವು ಗಂಟೆ ತಡ ಮಾಡ್ತಾರೆ ಇಲ್ಲಾ ನಾಳೆ ಬನ್ನಿ ಅಂತಾರೆ. ಕೊಲೊನೋಸ್ಕೋಪಿಗೆ ಹಿಂದಿನ ದಿನದಿಂದ ರಾಗಿಮುದ್ದೆ, ಸೊಪ್ಪು, ಬೀಜ ಇರೋ ತರಕಾರಿ ಬಂದ್, ಅನ್ನದ ಗಂಜಿ ಅಂಥದ್ದು ಸಾಕು, ಮುದ್ದೆ ಇಲ್ದೇ ಒಂದಿನ ಕಳೆಯೋದು ನಮ್ಮ ಕಡೆಯವರಿಗೆ ಕರುಳು ಖಾಲಿ ಮಾಡೋಕೆ ಕೊಡೋ ಆ ಬೇಧಿ ಪೌಡರ್ ಕುಡಿಯೋದಕ್ಕಿಂತ ಕಷ್ಟ ಅಂತ ನಂಗೊತ್ತು. ಐರನ್ ಮಾತ್ರೆ ಕರುಳಿನ ಗೋಡೆಗೆ ಕಪ್ಪಾಗಿ ಅಂಟ್ಕೊಂಡು ಏನೂ ಕಾಣ್ಸಲ್ಲ, ಅದನ್ನ ಐದಾರು ದಿನ ಮುಂಚೆ ನಿಲ್ಸೋಕೆ ಹೇಳ್ತಾರೆ, ಹೇಳಿಲ್ಲ ಅಂದ್ರೆ ಫೋನ್ ಮಾಡಿ ಕೇಳಿ.

ಮಾತ್ರೆಗಳ ಬಗ್ಗೆ, ಪಟ್ಟಿ ಬೇಡ, ಎಲ್ಲಾ ಮಾತ್ರೆ ಶೀಟುಗಳನ್ನ ಒಂದು ಕವರಲ್ಲಿ ಹಾಕ್ಕೊಂಡು ಹೋಗಿ ತೋರ್ಸಿ. ಗ್ಲಿಮೆಪಿರೈಡ್ ಥರದ ಶುಗರ್ ಮಾತ್ರೆ, ಇನ್ಸುಲಿನ್ ಇವನ್ನ ಹೊಟ್ಟೆ ಖಾಲಿ ಇದ್ದಾಗ ಮಾಮೂಲಿ ಹಾಗೆ ತಗೊಂಡ್ರೆ ಶುಗರ್ ಬಿದ್ದೋಗುತ್ತೆ, ಎಷ್ಟು ಕಮ್ಮಿ ಮಾಡ್ಬೇಕು ಅಂತ ಕೇಳಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅಂತ ಹೆಸರಲ್ಲಿ ‘ಗ್ಲಿಫ್ಲೋಜಿನ್’ ಇರೋ ಮಾತ್ರೆ ಇದ್ರೆ ಅದನ್ನ ಮೂರು ದಿನ ಮುಂಚೆನೇ ನಿಲ್ಸೋದು ಪದ್ಧತಿ, ಯಾಕಂದ್ರೆ ಉಪವಾಸದಲ್ಲಿ ಅದು ಶುಗರ್ ನಾರ್ಮಲ್ ತೋರಿಸ್ತಾನೇ ರಕ್ತವನ್ನ ಆಮ್ಲ ಮಾಡ್ಬಿಡಬಹುದು, ಈಗ ಇದು ಅಗ್ಗ ಆಗಿ ತುಂಬಾ ಜನ ತಗೋತಾರೆ, ಸ್ಕೋಪ್ ಬರ್ದವರಿಗೆ ಇದು ಗೊತ್ತಾಗ್ಲಿ. ಬಿಪಿ ಮಾತ್ರೆ ಹೆಚ್ಚಿನವು ಬೆಳಗ್ಗೆ ಒಂದು ಗುಟುಕು ನೀರಲ್ಲಿ ತಗೋಬಹುದು, ಟೆಲ್ಮಿಸಾರ್ಟನ್ ಥರದವನ್ನ ಕೆಲವು ಡಾಕ್ಟ್ರು ಅವತ್ತು ಬೇಡ ಅಂತಾರೆ. ರಕ್ತ ತೆಳು ಮಾಡೋ ಮಾತ್ರೆ ಏನಾದ್ರೂ ಇದ್ರೆ ನೀವಾಗೇ ನಿಲ್ಸಕ್ಕೆ ಹೋಗ್ಬೇಡಿ, ಸ್ಟೆಂಟ್ ಹಾಕಿದವರು ಹಾಗೆ ನಿಲ್ಸಿ ಹಾರ್ಟ್ ಅಟ್ಯಾಕ್ ಮಾಡ್ಕೊಳ್ತಾರೆ.

ಅನಸ್ತೇಶಿಯಾ ಡಾಕ್ಟ್ರು ಚೆಕಪ್‌ಗೆ ಬಂದಾಗ ಬಾಯಿ ತೆಗೀರಿ, ಕತ್ತು ಹಿಂದಕ್ಕೆ ಮಾಡಿ ಅಂತಾರೆ, ಜನ ಇದ್ಯಾಕೆ ಅಂತ ನಗ್ತಾರೆ. ಒಂದರ ಮೇಲೊಂದು ಇಟ್ಟ ಮೂರು ಬೆರಳು ಬಾಯೊಳಗೆ ಹೋಗ್ಬೇಕು. ಅಡಿಕೆ, ಗುಟ್ಕಾ ವರ್ಷಾನುಗಟ್ಟಲೆ ಜಗಿದವರಿಗೆ ಕೆನ್ನೆ ಒಳಗಡೆ ಬಿಗಿದು ಬಾಯಿ ಎರಡು ಬೆರಳಷ್ಟೂ ತೆರೆಯಲ್ಲ, ಆಗ ಅರ್ಜೆಂಟಲ್ಲಿ ಟ್ಯೂಬ್ ಹಾಕೋದು ಹೇಗೆ? ಇನ್ನು ನಮ್ಮ ಬೋರ್‌ವೆಲ್ ನೀರು. ಬಾಗೇಪಲ್ಲಿ, ಮುಳಬಾಗಿಲು, ಆ ಕಡೆ ಪಾವಗಡ, ಫ್ಲೋರೈಡ್ ನೀರು ಕುಡಿದು ಬೆಳೆದವರಿಗೆ ಹಲ್ಲು ಕಂದು ಆಗೋದು ಎಲ್ರಿಗೂ ಕಾಣುತ್ತೆ, ಬೆನ್ನು ಕತ್ತು ಬಿಗಿದು ಗಟ್ಟಿ ಆಗೋದು ಕಾಣಲ್ಲ, ಮಲಗ್ಸಿದಾಗ ತಲೆ ದಿಂಬಿಗೆ ತಾಗದೇ ಮೇಲೇ ನಿಂತಿರುತ್ತೆ. ಇಂಥವರಿಗೆ ಟ್ಯೂಬ್ ಹಾಕೋದೂ ಕಷ್ಟ, ಬೆನ್ನಿಗೆ ಸೂಜಿ ಹಾಕೋದೂ ಕಷ್ಟ. ಬೆಂಗಳೂರಿನ ಡಾಕ್ಟ್ರಿಗೆ ಇದು ಅಷ್ಟಾಗಿ ಹೊಳೆಯಲ್ಲ, ಅಮ್ಮಂಗೆ ಕತ್ತು ತಿರುಗ್ಸೋಕೆ ಕಷ್ಟ ಇದ್ರೆ ನೀವೇ ಹೇಳಿ. ಗೊರಕೆ ಜಾಸ್ತಿ ಹೊಡೀತಾರಾ, ಗೊರಕೆ ಮಧ್ಯೆ ಉಸಿರು ನಿಂತ ಹಾಗಾಗುತ್ತಾ, ಅದನ್ನೂ. ಕಟ್ಟಿಸ್ಕೊಂಡ ಹಲ್ಲು, ಅಲ್ಲಾಡೋ ಹಲ್ಲು, ಅದನ್ನೂ. ಉಗುರಿಗೆ ಬಣ್ಣ ಇದ್ರೆ ತೆಗೀರಿ, ಬೆರಳ ತುದಿಗೆ ಕಪ್ಪಾಗಿ ಗೋರಂಟಿ ಹಚ್ಚಿದ್ರೂ ಕ್ಲಿಪ್ಪು ಸರಿಯಾಗಿ ಓದಲ್ಲ.

ನೀವು ಕೇಳ್ಬೇಕಾಗಿರೋದು ಜಾಸ್ತಿ ಏನಿಲ್ಲ. ಮತ್ತು ಕೊಡೋರು ಯಾರು, ಅನಸ್ತೇಶಿಯಾ ಡಾಕ್ಟ್ರೇನಾ, ಅಮ್ಮ ಎಚ್ಚರ ಆಗಿ ಹೆಸರು ಹೇಳೋವರೆಗೂ ಇರ್ತಾರಾ. ನಮ್ಮ ತಾಲ್ಲೂಕು ಊರುಗಳಲ್ಲಿ ಅನಸ್ತೇಶಿಯಾ ಡಾಕ್ಟ್ರು ಒಂದು ನರ್ಸಿಂಗ್ ಹೋಮಿಂದ ಇನ್ನೊಂದಕ್ಕೆ ಕಾರಲ್ಲಿ ಓಡಾಡ್ಕೊಂಡೇ ಇರ್ತಾರೆ, ಅದು ತಪ್ಪಲ್ಲ, ಇರೋರೇ ಕಮ್ಮಿ, ಆದ್ರೆ ಪೇಷೆಂಟ್ ಕಣ್ಣು ಬಿಡೋಕೆ ಮುಂಚೆ ಮುಂದಿನ ಕೇಸಿಗೆ ಹೊರಡೋದು ತಪ್ಪು. ರೂಮಲ್ಲಿ ಆಕ್ಸಿಜನ್, ಬಾಯಿ ಗಂಟಲಲ್ಲಿರೋದನ್ನ ಎಳ್ಕೊಳ್ಳೋ ಸಕ್ಷನ್, ಉಸಿರು ಒತ್ತೋ ಬ್ಯಾಗು, ಟ್ಯೂಬು ಕೈಗೆ ಸಿಗೋ ಹಾಗಿದ್ಯಾ ಅಂತ ಕೇಳಿದ್ರೆ ಯಾರೂ ಬೇಜಾರ್ ಮಾಡ್ಕೋಬಾರ್ದು, ಮಾಡ್ಕೊಂಡ್ರೆ ನೀವು ಬೇರೆ ಕಡೆ ನೋಡಿ. ನಿಮ್ಮಮ್ಮನ ಥರ ಎರಡು ಮೂರು ಕಾಯಿಲೆ ಜೊತೆಗೆ ಆ ಕುಟುಂಬದ ಕಥೆನೂ ಇರೋರಿಗೆ ಐಸಿಯು ಇರೋ ಕಡೆ ಮಾಡ್ಸೋದೇ ಸರಿ, ಅದಕ್ಕೆ ಬೆಂಗಳೂರೇ ಆಗ್ಬೇಕಂತಿಲ್ಲ, ಕೋಲಾರದ ಟಮಕದಲ್ಲಿ ಮೆಡಿಕಲ್ ಕಾಲೇಜ್ ಆಸ್ಪತ್ರೆ ಇದೆ, ನಿಮಗೂ ಹತ್ರ. ಬಿಲ್ಲಲ್ಲಿ ಅನಸ್ತೇಶಿಯಾ ಚಾರ್ಜ್ ಅಂತ ಬೇರೆ ಬಂದ್ರೆ ಬರೀ ನಿದ್ದೆ ಇಂಜೆಕ್ಷನ್‌ಗೆ ಇಷ್ಟಾ ಅಂತ ಚೌಕಾಸಿ ಮಾಡ್ಬೇಡಿ, ನಿದ್ದೆ ಮಾಡ್ಸೋದಕ್ಕಲ್ಲ ಅದು, ಎಬ್ಬಿಸೋದಕ್ಕೆ. ಅಮ್ಮಂಗೆ ತೆಲುಗು ಸಲೀಸು ಅಂದ್ರೆ ಅದನ್ನೂ ಹೇಳ್ಬಿಡಿ, ಅರೆ ಎಚ್ಚರದಲ್ಲಿ ಮನೆಮಾತಲ್ಲಿ ಕರೆದ್ರೇನೇ ಬೇಗ ಓಗೊಡೋದು.

ಮುಗಿದ್ಮೇಲೆ ಅರ್ಧ ಗಂಟೆ ಒಂದು ಗಂಟೆಯಲ್ಲಿ ಎದ್ದು ಕೂತ್ಕೊಂಡು ಏನೂ ಆಗೇ ಇಲ್ಲ ಅನ್ನೋ ಥರ ಮಾತಾಡ್ತಾರೆ, ನಂಬ್ಬೇಡಿ. ಮಿಡಾಜೋಲಾಮ್ ನೆನಪನ್ನ ಅಳಿಸುತ್ತೆ, “ಮುಗೀತಾ? ಏನಂದ್ರು?” ಅಂತ ಅದೇ ಪ್ರಶ್ನೆ ಐದು ಸಲ ಕೇಳ್ತಾರೆ, ಗಾಬರಿ ಆಗ್ಬೇಡಿ. ಗಂಟಲಿಗೆ ಸ್ಪ್ರೇ ಹೊಡೆದಿದ್ರೆ ಅದರ ಮರಗಟ್ಟಿದ್ದು ಹೋಗೋವರೆಗೂ ನೀರು ಕೂಡ ಬೇಡ, ಆಮೇಲೆ ಮೊದಲು ಒಂದೆರಡು ಗುಟುಕು ಕುಡಿಸಿ ನೋಡಿ. ಸ್ಕೂಟರ್ ಹಿಂದೆ ಕೂರಿಸ್ಕೊಂಡು ಹೋಗ್ಬೇಡಿ, ತೂಕಡಿಸಿ ಬೀಳ್ತಾರೆ, ಕಾರೋ ಆಟೋನೋ ಮಾಡ್ಕೊಳ್ಳಿ. ಒಂದು ದಿನ ಗ್ಯಾಸ್ ಒಲೆ ಮುಂದೆ ಒಬ್ಬರನ್ನೇ ಬಿಡ್ಬೇಡಿ, ಜಮೀನು ಪತ್ರ ಬ್ಯಾಂಕ್ ಪತ್ರಕ್ಕೆ ಸೈನ್ ಹಾಕ್ಸೋದಿದ್ರೆ ಅದೂ ಮಾರನೇ ದಿನ. ಹೊಟ್ಟೆ ಸ್ವಲ್ಪ ಉಬ್ಬರಿಸೋದು, ಗಂಟಲು ಕೆರೆಯೋದು ಮಾಮೂಲಿ. ಹೊಟ್ಟೆನೋವು ಜಾಸ್ತಿ ಆಗ್ತಾ ಹೋದ್ರೆ, ಜ್ವರ ಬಂದ್ರೆ, ರಕ್ತ ಹೋದ್ರೆ, ಉಸಿರಾಡೋಕೆ ಕಷ್ಟ ಆದ್ರೆ ರಾತ್ರಿ ಹನ್ನೆರಡಾದ್ರೂ ಸರಿ ವಾಪಸ್ ಹೋಗಿ. ಇನ್ನು ಸ್ಕೋಪ್ ಮಾಡಿದ ಡಾಕ್ಟ್ರು ರಿಪೋರ್ಟ್ ವಿವರಿಸುವಾಗ ನೀವು ಪಕ್ಕದಲ್ಲಿದ್ದು ಬರ್ಕೊಳ್ಳಿ, ಅಮ್ಮ ಹೂಂ ಹೂಂ ಅಂತ ತಲೆ ಆಡಿಸ್ತಾರೆ, ಸಾಯಂಕಾಲಕ್ಕೆ ಒಂದೂ ನೆನಪಿರಲ್ಲ.